ಪುಕ್ಕಟೆ ರಗ್ಬಿ

ಬ್ರಿಸ್ಬೇನಿನ ಬೇಕರಿಯಲ್ಲಿ ಮಾಂಸ ತುಂಬಿದ ಪೈಗಳನ್ನು ಪೊಟ್ಟಣ ಕಟ್ಟುತ್ತಿದ್ದ ಡೆಸ್ಲಿಯ ಕಿವಿ, ಸಾಲಿನಲ್ಲಿದ್ದ ಇಬ್ಬರು ಮುದುಕರ ಮಾತಿನ ಮೇಲೇ ಇತ್ತು.

“ಕ್ಲಾರಿ, ಇವತ್ತಿನ ರಗ್ಬಿ ದುಡ್ಡು ಕಟ್ಟದ ಚಾನೆಲ್ಲಲ್ಲೇ ಬರುತ್ತೆ ಕಣೋ. ನಮ್ಮನೆಗೆ ಬಾ.”

“ನಮ್ಮನೇಲೂ ಬರುತ್ತಲ್ಲೋ ನೆವಿಲ್. ತಿಂಗಳು ತಿಂಗಳು ಕಟ್ಟೋನು ನಾನು.”

“ಅದಕ್ಕೇ ಬಾ ಅಂದಿದ್ದು. ಇಷ್ಟು ವರ್ಷ ನಿನ್ನ ಸೋಫಾ ಮೇಲೆ ಬಾಯಿ ಮುಚ್ಕೊಂಡು ಕೂತಿದ್ದೆ.”

“ಯಾರು ಮುಚ್ಚಿಸಿದ್ದು?”

“ನೀನೇ! ನಮ್ಮ ಕ್ವೀನ್ಸ್‌ಲ್ಯಾಂಡ್ ಹುಡುಗ್ರು ಸ್ಕೋರ್ ಮಾಡಿದ್ರೆ ಸಾಕು, ಸೌಂಡೇ ಬಂದ್ ಮಾಡ್ತಿದ್ದೆ.”

“ನನ್ನ ಟೀವಿ, ನನ್ನ ದುಡ್ಡು.”

“ಇವತ್ತು ನನ್ನ ಟೀವಿ. ರಿಮೋಟೂ ನನ್ನ ಕೈಲೇ.”

“ನಮ್ಮ ಸಿಡ್ನಿಯೋರು ಗೆದ್ರೆ?”

“ಟೀವೀನೇ ಆಫ್ ಮಾಡ್ತೀನಿ. ಪುಕ್ಕಟೆ ತಾನೇ, ಯಾರಪ್ಪನ ಗಂಟು ಹೋಗುತ್ತೆ?”

ಬಿಸಿ ಪೈ ಪೊಟ್ಟಣವನ್ನು ಕ್ಲಾರಿಯ ಕೈಗೆ ತುರುಕಿ, ನೆವಿಲ್ ಎದೆಯುಬ್ಬಿಸಿಕೊಂಡು ಮುಂದೆ ನಡೆದ.