ಬಚ್ಚಲಿನ ಕೆಂಪು ಹಗ್ಗ

ಪರದೇಶದ ಈ ಹೇವರ್ಡಿನಲ್ಲಿ ದೆವ್ವಕ್ಕೆ ಬಾವಿಯೂ ಇಲ್ಲ, ಆಲದ ಮರವೂ ಇಲ್ಲ. ಇರೋದು ಪಾರ್ಕಿಂಗ್ ಲಾಟು, ಅದರ ಅಂಚಿಗೆ ಒಂದು ನೀಲಗಿರಿ ಮರ. ನನ್ನ ಚಿಕ್ಕಪ್ಪನ ಮಗ ರಾಮನಾಥ ಆ ಮರ ದಾಟಿ ನಡ್ಕೊಂಡು ಬರ್ತಿದ್ದ... ಒಬ್ಬನೇ. ಎಂಬತ್ತಾರರ ಡಿಸೆಂಬರು, ಸಂಜೆಗೇ ಕಗ್ಗತ್ತಲು. ಮರದ ಸುಲಿದ ತೊಗಟೆ ಗಾಳಿಗೆ ಸರ್... ಸರ್... ಅಂತ ಕಾಂಡಕ್ಕೆ ಉಜ್ಜುತ್ತಿತ್ತು. ಅದರ ನಡುವೆ ಇನ್ನೊಂದು ಸದ್ದು. ಗರ್ರ್ರ್... ಗರ್ರ್ರ್... ಎದುರಿನ ಕಟ್ಟಡದೊಳಗಿಂದ. ಅವನ ಅಮ್ಮ ಇದ್ದ ಮನೆಯ ಕಡೆಯಿಂದ.

ಅಮ್ಮನ ವೈಕುಂಠ ಸಮಾರಾಧನೆ ಮುಗಿದು ಆಗಲೇ ಒಂದು ವಾರ ಕಳೆದಿತ್ತು.

ನಿಮ್ಮನ್ನ ಹೆದರಿಸೋಕೆ ಹೇಳ್ತಿಲ್ಲ. ಈ ರಾಮನಾಥ ಎಂಥವನು ಅಂತ ಗೊತ್ತಾಗಲಿ ಅಂತ ಹೇಳ್ತಿದ್ದೀನಿ.

ಡ್ಯಾನ್‌ವಿಲ್‌ನಲ್ಲಿ ಅರಮನೆಯಂಥ ಮನೆ ಅವನದು. ಈಜುಕೊಳ ಇತ್ತು, ಪಿಂಗ್‌ಪಾಂಗ್ ಆಡೋಕೆ ಅಂತಲೇ ಒಂದು ಕೋಣೆ ಇತ್ತು. ಹೆತ್ತವಳಿಗೆ ಮಾತ್ರ ಜಾಗ ಇರಲಿಲ್ಲ. ನಮ್ಮ ರತ್ನಾವತಿ ಚಿಕ್ಕಮ್ಮ ಉಡುಪಿಯವರು, ವಿಧವೆ, ಮಡಿ ಬಲು ಕಟ್ಟುನಿಟ್ಟು. ಆ ಮಡಿ ಸೊಸೆಗೆ ಆಗಿಬರಲಿಲ್ಲ. ಸರಿ, ವಯಸ್ಸಾದವರಿಗೆ ಅಂತ ಸಿಟಿಯವರು ಕಟ್ಟಿಸಿದ ಅಪಾರ್ಟ್‌ಮೆಂಟಿನಲ್ಲಿ ಇವನು ತಾಯಿಯನ್ನ ತಂದು ಬಿಟ್ಟ. ಪಾರ್ಟಿಗಳಲ್ಲಿ ಗ್ಲಾಸು ಹಿಡ್ಕೊಂಡು ಹೇಳೋನು, "ಅಮ್ಮಂದು ಇಂಡಿಪೆಂಡೆಂಟ್ ಲಿವಿಂಗು. ಶಿ ಲವ್ಸ್ ಇಟ್." ಕೇಳಿದವರೂ ಹೂಂ ಹೂಂ ಅಂತ ತಲೆ ಆಡಿಸೋರು, ನಾಚಿಕೆಗೆಟ್ಟವರು.

ತಮಾಷೆ ಏನು ಗೊತ್ತಾ? ಚಿಕ್ಕಮ್ಮನಿಗೆ ಅಲ್ಲಿ ನಿಜಕ್ಕೂ ಖುಷಿಯಾಗಿತ್ತು. ಒಂದು ಕೋಣೆ, ಒಂದು ಒಲೆ, ಬಾಗಿಲಿಗೆ ತಮ್ಮದೇ ಬೀಗದ ಕೈ. ವಾರಕ್ಕೆ ಎರಡು ಸಲ ಸಿಟಿ ಕಡೆಯಿಂದ ಒಬ್ಬಳು ಬಂದು ಮನೆ ಒರೆಸಿ, ಹೇಗಿದ್ದೀರಿ ಅಂತ ಕೇಳಿ ಹೋಗೋಳು. "ನನ್ನಷ್ಟಕ್ಕೆ ನಾನು ಆರಾಮ ಇದ್ದೇನೆ ಮಾರಾಯ. ಇಲ್ಲಿಂದ ಮಾತ್ರ ನನ್ನನ್ನು ಏಳಿಸಬೇಡಿ," ಅಂತ ನನ್ನ ಹತ್ತಿರ ಹೇಳಿದ್ರು. ಅವರು ಯಾರನ್ನೂ ಇನ್ನೇನೂ ಕೇಳಲಿಲ್ಲ.

ಆ ಮನೆಗಳ ಬಚ್ಚಲಲ್ಲಿ ಗೋಡೆಯ ಮೇಲೊಂದು ಡಬ್ಬಿ, ಅದರಿಂದ ಇಳಿಬಿದ್ದ ಕೆಂಪು ಹಗ್ಗ. ಬಿದ್ದುಗಿದ್ದರೆ ಎಳೀಬೇಕು. ಎಳೆದರೆ ಅಲ್ಲೂ, ಮ್ಯಾನೇಜರ್ ಡೋರಿಸ್‌ಳ ಆಫೀಸಿನಲ್ಲೂ ಗಂಟೆ ಹೊಡ್ಕೊಳ್ಳುತ್ತೆ. ನಿಲ್ಲಿಸೋಕೆ ಡಬ್ಬಿಯ ಗುಂಡಿಯನ್ನೇ ಒತ್ತಬೇಕು. ಚಿಕ್ಕಮ್ಮ ಮಡಿ ಸೀರೆ ಒಣಹಾಕೋಕೆ ಜಾಗ ಹುಡುಕಿದ್ರು. ಷವರಿನ ಪರದೆ ಸರಳು ಕೆಲಸದವಳು ಮುಟ್ಟಿದ್ದು. ಟವೆಲಿನ ಕೊಂಡಿಯೂ ಮುಟ್ಟಿದ್ದು. ಕೆಳಗಿನ ಲಾಂಡ್ರಿ ಊರಿಗೆಲ್ಲ ಒಂದೇ. ಯಾರೂ ಮುಟ್ಟದೆ ಇದ್ದದ್ದು ಆ ಕೆಂಪು ಹಗ್ಗ ಮಾತ್ರ. ಅದರ ತುದಿಯನ್ನ ಕಿಟಕಿ ಚಿಲಕಕ್ಕೆ ಕಟ್ಟಿ ಸೀರೆ ಹರವಿದ್ರು! ಒದ್ದೆ ಸೀರೆಯ ಭಾರಕ್ಕೆ ಹಗ್ಗ ಜಗ್ಗಿ, ಬೆಳಬೆಳಗ್ಗೆ ಗರ್ರ್ರ್... ಡೋರಿಸ್ ಟಪಟಪ ಚಪ್ಪಲಿ ಬಡೀತಾ ಓಡಿ ಬಂದಳು. ಮರುದಿನವೂ ಅದೇ. ಅದರ ಮರುದಿನವೂ ಅದೇ.

ಕೊನೆಗೆ ಮಗನಿಗೆ ಫೋನು ಹೋಯ್ತು. ಹೀಗೇ ಆದರೆ ನಿಮ್ಮ ತಾಯಿಯನ್ನ ಇಲ್ಲಿ ಇಟ್ಕೊಳ್ಳೋಕೆ ಆಗಲ್ಲ ಅಂತ.

ಮಹಾನುಭಾವ ಅವತ್ತೇ ಹಾರಿ ಬಂದ. ತಾಯಿಗೆ ಜ್ವರ ಅಂದಾಗ ಫ್ರೀವೇಯಲ್ಲಿ ಟ್ರಾಫಿಕ್ಕು ಅಂದಿದ್ದವನು! ಸೀರೆ ಒಣಹಾಕೋಕೆ ಒಂದು ಹೊಸ ಹಗ್ಗ ತಂದು ಕಟ್ಟಬಹುದಿತ್ತು. ಅಷ್ಟು ತಲೆ ಓಡಲಿಲ್ಲ, ಕಂಪ್ಯೂಟರ್ ಕಂಪನಿಯ ಡೈರೆಕ್ಟರಿಗೆ. ಕತ್ತರಿ ತಗೊಂಡು ಆ ಕೆಂಪು ಹಗ್ಗವನ್ನ ಡಬ್ಬಿಯ ಬುಡದಲ್ಲೇ ಕಚಕ್ ಅನ್ನಿಸಿದ.

"ಬಿದ್ರೆ ಎಂತ ಮಾಡೋದು, ರಾಮ?"

"ನೀನು ಬೀಳುದಿಲ್ಲಮ್ಮ. ಇದು ಇನ್ನೊಮ್ಮೆ ಹೊಡ್ಕೊಂಡ್ರೆ ಇಲ್ಲಿಂದ ಓಡಿಸ್ತಾರೆ."

ಚಿಕ್ಕಮ್ಮ ಚಿಲಕದಿಂದ ಹಗ್ಗದ ತುಂಡು ಬಿಚ್ಚಿದ್ರು. ಓಡಿಸ್ತಾರೆ ಅಂದದ್ದೇ ಅವರಿಗೆ ಸಾಕಾಯ್ತು.

ಬಿದ್ರು. ಒಂದು ಶುಕ್ರವಾರ ಸ್ನಾನಕ್ಕೆ ಹೋದಾಗ. ಕೆಲಸದವಳು ಬಂದದ್ದು ಸೋಮವಾರ. ಪಕ್ಕದ ಮನೆಯ ಪೋರ್ಚುಗೀಸ್ ಮುದುಕ ಆಮೇಲೆ ಹೇಳಿದ, ಶನಿವಾರ ಪೂರ್ತಿ ಗೋಡೆಯಾಚೆ ಟಣ್... ಟಣ್... ಅಂತ ಕೇಳಿಸ್ತಿತ್ತಂತೆ. ನೀರಿನ ಪೈಪು ಅಂದ್ಕೊಂಡನಂತೆ. ಪೈಪಲ್ಲ ಅದು. ಚಿಕ್ಕಮ್ಮನ ಕೈಯಲ್ಲಿ ತಾಮ್ರದ ಚೊಂಬು ಹಾಗೇ ಇತ್ತು. ಅದರ ಅಂಚು ಪೂರ್ತಿ ನೆಗ್ಗಿಹೋಗಿತ್ತು.

ಮಗ ಕಪ್ಪು ಸೂಟು ಹಾಕ್ಕೊಂಡು ಅತ್ತ. "ಕೊನೇವರೆಗೂ ಇಂಡಿಪೆಂಡೆಂಟಾಗಿ ಇದ್ರು," ಅಂದ. ಥೂ, ಅವನ ಬಾಯಿಗಿಷ್ಟು!

ಆಮೇಲೆ ಮತ್ತೆ ಡೋರಿಸ್‌ಳ ಫೋನು. ಖಾಲಿ ಮನೆಯ ಗಂಟೆ ನಿಲ್ತಾನೇ ಇಲ್ಲ, ಬಂದು ಸಾಮಾನಾದರೂ ತಗೊಂಡು ಹೋಗಿ ಅಂತ. ಹಾಗೆ ಆ ಸಂಜೆ ಅವನು ನೀಲಗಿರಿ ಮರ ದಾಟಿ ಬಂದದ್ದು. ಡೋರಿಸ್ ಬಾಗಿಲ ಹೊರಗೆ ನಿಂತಿದ್ದಳು. ಪಿಸುಗುಟ್ಟಿದಳು.

"ಎಲೆಕ್ಟ್ರಿಷಿಯನ್ ವೈರೇ ಕಿತ್ತು ಹಾಕಿದ್ದಾನೆ."

"ಮತ್ತೆ ಹೇಗೆ ಹೊಡ್ಕೊಳ್ತಿದೆ?"

"ನೀವೇ ನೋಡಿ. ನಾನು ಒಳಗೆ ಬರಲ್ಲ."

ಒಳಗೆ ಹೋದ. ಸ್ವಿಚ್ಚು ಒತ್ತಿದ... ಟಕ್. ದೀಪ ಹತ್ತಲಿಲ್ಲ. ಬಚ್ಚಲ ಬಾಗಿಲು ಅರ್ಧ ತೆರೆದಿತ್ತು. ಟಪ್... ಟಪ್... ಹಿಂಡದ ಬಟ್ಟೆಯಿಂದ ನೀರು ನೆಲಕ್ಕೆ ಬೀಳುವ ಸದ್ದು. ಗರ್ರ್ರ್ ಅನ್ನೋದು ತಲೆಯ ಮೇಲೇ. ಗುಂಡಿ ಒತ್ತೋಕೆ ಅಂತ ಕತ್ತಲಲ್ಲಿ ಬಲಗೈ ಚಾಚಿದ... ಕೈಗೆ ಸೀರೆ ಸಿಕ್ಕಿತು. ಕೊರೆಯೋ ಹಾಗೆ ತಣ್ಣಗೆ. ಗಂಟೆ ಗಪ್ಪನೆ ನಿಂತಿತು. ಕಿವಿಯ ಪಕ್ಕದಲ್ಲೇ, ಮೆಲ್ಲಗೆ...

"ಮುಟ್ಟಬೇಡ ರಾಮ. ನಾನು ಮಡಿಯಲ್ಲಿದ್ದೇನೆ."

ಹೇಗೆ ಹೊರಗೆ ಬಿದ್ದನೋ ಅವನಿಗೇ ಗೊತ್ತಿಲ್ಲ. ನಮ್ಮ ಮನೆ ಅಲ್ಲೇ ಹತ್ತಿರ ಇತ್ತು, ನೇರ ಅಲ್ಲಿಗೇ ಓಡಿ ಬಂದ, ಡೈರೆಕ್ಟರ್ ಸಾಹೇಬ. ಡೋರಿಸ್ ಆಮೇಲೆ ಟಾರ್ಚು ಹಾಕಿ ನೋಡಿದಳಂತೆ. ಸೀರೆಯೂ ಇಲ್ಲ, ನೀರೂ ಇಲ್ಲ, ನೆಲ ಒಣಗಿ ಬಣಬಣ. ಚಿಕ್ಕಮ್ಮನ ಸೀರೆಗಳೆಲ್ಲ ಟ್ರಂಕಿನಲ್ಲಿ ಮಡಚಿಟ್ಟ ಹಾಗೇ ಇದ್ದವು.

ನನ್ನ ಹೆಂಡತಿ ಅವನಿಗೆ ಟವೆಲು ಕೊಟ್ಟಳು. ಬಲಗೈ ಒರೆಸಿಕೊಂಡ. ಮತ್ತೆ ಒರೆಸಿಕೊಂಡ. ಬೇರೆ ಟವೆಲು ಕೇಳಿದ. ನನಗೆ ಅಯ್ಯೋ ಅಂತ ಒಂಚೂರೂ ಅನ್ನಿಸಲಿಲ್ಲ, ಅದನ್ನೂ ಹೇಳಿಬಿಡ್ತೀನಿ.

ಡಾಕ್ಟರು ಬೆವರು ಅಂದರಂತೆ, ಮುಲಾಮು ಕೊಟ್ಟರಂತೆ. ಬೆವರು ಒಂದೇ ಕೈಗೆ ಬರುತ್ತಾ? ನಂಬದಿದ್ದರೆ ಬಿಡಿ. ನಡೆದದ್ದನ್ನ ನಡೆದ ಹಾಗೆ ಹೇಳಿದ್ದೀನಿ, ಆ ಕೈಯನ್ನಂತೂ ನಾನೇ ಕಣ್ಣಾರೆ ನೋಡಿದ್ದೀನಿ. ಈ ಯುಗಾದಿ ಪಾರ್ಟಿಗೂ ಅವನು ಬಂದಿದ್ದ. ಎಲ್ಲರಿಗೂ ಎಡಗೈಯಲ್ಲೇ ಶೇಕ್‌ಹ್ಯಾಂಡು ಕೊಟ್ಟ. ಬಲಗೈ ಕೋಟಿನ ಜೇಬಿನಲ್ಲೇ ಇತ್ತು. ಆ ಜೇಬಿನ ಕೆಳಗೆ ಕಾರ್ಪೆಟ್ಟು ಒದ್ದೆಯಾಗಿತ್ತು.