ಕುಲಸಚಿವರು ಕೇಳದೆ ಬಿಟ್ಟ ಪ್ರಶ್ನೆ

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ ಎಂದು ಶುರು ಮಾಡುವುದು ನಮ್ಮ ರೂಢಿ. ಪಾಪ, ಆ ಶ್ರೀಮಂತನೂ ನಮ್ಮಂಥವರ ಬಾಯಲ್ಲಿ ದುಡಿದು ದುಡಿದು ದಣಿದಿದ್ದಾನೆ, ಇವತ್ತು ಅವನಿಗೆ ರಜೆ ಕೊಡೋಣ. ಒಂದೂರಲ್ಲಿ ಒಂದು ವಿಶ್ವವಿದ್ಯಾಲಯ ಇತ್ತು. ಅಲ್ಲಿ ಒಬ್ಬ ಕುಲಸಚಿವರು ಇದ್ದರು. ರಿಜಿಸ್ಟ್ರಾರ್ ಅನ್ನುತ್ತೀರಲ್ಲ, ಅವರು. ಹೆಸರು ಕೇಳಬೇಡಿ. ಹೆಸರು ಹೇಳಿದ ಕೂಡಲೇ ಅವರದು ಯಾವ ಊರು, ಯಾವ ಜನ ಎಂದು ಹುಡುಕಲು ಹೊರಡುತ್ತೀರಿ, ಕಥೆ ಅಲ್ಲೇ ನಿಲ್ಲುತ್ತದೆ.

ಈ ಕುಲಸಚಿವರಿಗೆ ಅನುಮಾನವೆಂಬುದು ಉಸಿರಾಟದಷ್ಟೇ ಸಹಜ. ಖಾಲಿ ಕಾಗದ ಕೊಟ್ಟರೂ ಹಿಂಬದಿ ತಿರುಗಿಸಿ ನೋಡುವರು. ಯಾರಾದರೂ ಒಂದೇ ದಿನ ಎರಡು ಸಲ ನಮಸ್ಕಾರ ಹೇಳಿದರೆ, ಇವನಿಗೆ ಏನೋ ಆಗಬೇಕಾಗಿದೆ ಎಂದುಕೊಳ್ಳುವರು. ‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆ ಅವರ ನಾಲಿಗೆಯ ಮೇಲೇ ಇತ್ತು. ಕೆಟ್ಟವರಲ್ಲ ನೋಡಿ, ಲಂಚ ಮುಟ್ಟಿದವರಲ್ಲ. ಬರೀ ಅನುಮಾನ, ಅಷ್ಟೇ.

ಹಿಂದಿನ ವರ್ಷ ಅಲ್ಲಿ ಒಂದು ಅನಾಹುತ ಆಗಿತ್ತು. ಪರೀಕ್ಷೆಯ ಫಲಿತಾಂಶವನ್ನೆಲ್ಲ ಕಂಪ್ಯೂಟರಿಗೆ ಹಾಕಿದ್ದರು, ಅದು ಒಬ್ಬರ ಅಂಕವನ್ನು ಇನ್ನೊಬ್ಬರಿಗೆ ಕೊಟ್ಟು ಕೂತಿತ್ತು. ಪಾಸಾದವರು ಫೇಲು, ಫೇಲಾದವರು ಪಾಸು. ಮಕ್ಕಳು ಗೇಟಿನ ಮುಂದೆ ಧರಣಿ ಕೂತಾಗ ಕುಲಸಚಿವರು ಹೊರಗೆ ಬಂದು, ‘ಮುಂದಿನ ಸಲ ಒಂದೇ ಒಂದು ಅಂಕ ತಪ್ಪಿದ್ರೂ ನಾನೇ ರಾಜೀನಾಮೆ ಕೊಟ್ಟು ಮನೆಗೆ ಹೋಗ್ತೀನಿ’ ಎಂದು ಮಾತು ಕೊಟ್ಟಿದ್ದರು. ಮೂವತ್ತು ಸಾವಿರ ಮಕ್ಕಳ ಭವಿಷ್ಯ ಒಂದು ಕಡೆ, ಇವರು ಜೀವಮಾನವೆಲ್ಲ ಕಾಪಾಡಿಕೊಂಡು ಬಂದ ಮರ್ಯಾದೆ ಇನ್ನೊಂದು ಕಡೆ.

ಆದ್ದರಿಂದ ಈ ಯಂತ್ರಗಳನ್ನೂ ಅವುಗಳನ್ನು ನಡೆಸುವವರನ್ನೂ ನೋಡಿಕೊಳ್ಳಲು ಒಬ್ಬ ದೊಡ್ಡ ಅಧಿಕಾರಿ ಬೇಕಾಯಿತು. ತಂತ್ರಜ್ಞಾನ ನಿರ್ದೇಶಕ ಎಂದು ಹುದ್ದೆ. ಕುಲಪತಿಗಳು, ‘ನೀವೇ ನೋಡಿ ಆರಿಸಿ, ನಿಮ್ಮ ಕಣ್ಣು ತಪ್ಪಿಸಿ ಯಾರೂ ಬರೋಕಾಗಲ್ಲ’ ಎಂದುಬಿಟ್ಟರು. ಅರ್ಜಿಗಳನ್ನು ಸೋಸಿ ಸೋಸಿ ಕೊನೆಗೆ ಇಬ್ಬರು ಉಳಿದರು. ಒಬ್ಬ ಗಂಡಸು, ಒಬ್ಬ ಹೆಣ್ಣುಮಗಳು.

ಮೊದಲು ಹೆಣ್ಣುಮಗಳ ಸಂದರ್ಶನ. ಕುಲಸಚಿವರು ಒಂದರ ಮೇಲೊಂದು ಪ್ರಶ್ನೆ ಎಸೆದರು. ಯಂತ್ರ ಕೆಟ್ಟರೆ ಏನು ಮಾಡ್ತೀರಿ? ನಿಮ್ಮ ಕೈಕೆಳಗಿನವನು ಮೋಸ ಮಾಡಿದ್ರೆ? ಸರಿ, ನೀವೇ ಮೋಸ ಮಾಡಿದ್ರೆ? ಆಕೆ ನಕ್ಕಳು.

‘ಒಂದು ಅಂಕ ಬದಲಾಗಬೇಕಾದ್ರೂ ಇಬ್ಬರು ಒಪ್ಪಬೇಕು ಸಾರ್. ಯಾರು ಬದಲಾಯಿಸಿದ್ರು, ಯಾಕೆ ಬದಲಾಯಿಸಿದ್ರು ಅನ್ನೋದು ಅಳಿಸೋಕಾಗದ ಹಾಗೆ ಉಳೀಬೇಕು. ಅಂಥ ವ್ಯವಸ್ಥೆ ಮಾಡ್ತೀನಿ. ನೀವು ನನ್ನನ್ನೂ ನಂಬಬೇಡಿ.’

ನನ್ನನ್ನೂ ನಂಬಬೇಡಿ! ಕುಲಸಚಿವರ ಕಿವಿಗೆ ಇದಕ್ಕಿಂತ ಇಂಪಾದ ಮಾತು ಬೇರೆ ಉಂಟೇ? ಮೂವತ್ತು ವರ್ಷದ ಸೇವೆಯಲ್ಲಿ ನನ್ನ ಜಾತಿಯ ಒಂದು ಪ್ರಾಣಿ ಈಗ ಸಿಕ್ಕಿತು ಎಂದು ಅವರ ಮನಸ್ಸು ಹಿಗ್ಗಿತು. ಅಷ್ಟರಲ್ಲಿ ಟೀ ಬಂತು. ‘ನೀವು ಟೀ ತಗೊಳ್ಳಿ, ಬಂದೆ’ ಎಂದು ಎದ್ದು ಪಕ್ಕದ ಕೋಣೆಗೆ ಹೋದರು. ಆಕೆ ಮೊದಲು ಕೆಲಸ ಮಾಡುತ್ತಿದ್ದ ವಿಶ್ವವಿದ್ಯಾಲಯದಲ್ಲಿ ಅವರಿಗೆ ಒಬ್ಬ ಹಳೆಯ ಪರಿಚಯದ ಅಧಿಕಾರಿ ಇದ್ದರು. ಅವರಿಗೆ ಫೋನು ಮಾಡಿದರು.

‘ಅಯ್ಯೋ, ಆಯಮ್ಮನಾ?’ ಎಂದರು ಆ ಅಧಿಕಾರಿ. ‘ಬೇಡಿ ಸಾರ್. ಮಹಾ ಜಗಳಗಂಟಿ. ಹೇಳಿದ ಮಾತು ಕೇಳಲ್ಲ. ನಮಗೆಲ್ಲ ಸಾಕುಸಾಕು ಮಾಡಿಬಿಟ್ಟಿದ್ದಳು.’

ಮುಗಿಯಿತು. ಕುಲಸಚಿವರು ವಾಪಸು ಬಂದು ಕೂತರು, ಟೀ ಕುಡಿದರು, ‘ಒಳ್ಳೇದಮ್ಮ, ತಿಳಿಸ್ತೀವಿ’ ಎಂದರು. ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಸದ್ಯ, ಒಂದು ಫೋನಿನಲ್ಲಿ ಬಚಾವಾದೆ ಎಂದು ಮನಸ್ಸಿನಲ್ಲೇ ಬೆನ್ನು ತಟ್ಟಿಕೊಂಡರು.

ಇನ್ನು ಗಂಡಸಿನ ಸರದಿ. ಅವನ ಬಗ್ಗೆ ಎಲ್ಲರೂ ಒಳ್ಳೆಯದನ್ನೇ ಹೇಳಿದರು. ಬಿಡುತ್ತಾರೆಯೇ ಇವರು? ಒಳ್ಳೆಯ ಮಾತು ಅಂದರೆ ಅನುಮಾನ! ನಾಲ್ಕು ಕಡೆ ವಿಚಾರಿಸಿದರು, ಪ್ರಮಾಣಪತ್ರಗಳನ್ನು ಕಾಲೇಜಿಗೇ ಕಳಿಸಿ ತಾಳೆ ನೋಡಿಸಿದರು, ಅವನ ಅಕ್ಕಪಕ್ಕದ ಮನೆಯವರನ್ನೂ ಕೇಳಿ ನೋಡಿದರು. ‘ಮೃದು ಸ್ವಭಾವ ಸಾರ್, ಯಾರಿಗೂ ಇಲ್ಲ ಅನ್ನಲ್ಲ’ ಎಂದು ಎಲ್ಲ ಕಡೆಯಿಂದಲೂ ಅದೇ ಮಾತು. ಮೂರು ವಾರ ಹುಡುಕಿದರೂ ಒಂದು ಕಲೆ ಸಿಗಲಿಲ್ಲ. ಬೇರೆ ದಾರಿಯಿಲ್ಲದೆ ಅವನನ್ನೇ ತೆಗೆದುಕೊಂಡರು.

ಇಲ್ಲಿ ಸ್ವಲ್ಪ ನಿಂತುಕೊಳ್ಳಿ, ಮುಂದಕ್ಕೆ ಓಡಬೇಡಿ. ಅನುಮಾನದ ಮನುಷ್ಯ ಯಾರನ್ನೂ ನಂಬುವುದಿಲ್ಲ ಅನ್ನುತ್ತೀರಲ್ಲ, ಸುಳ್ಳು, ಶುದ್ಧ ಸುಳ್ಳು! ಅವನಷ್ಟು ಸಲೀಸಾಗಿ ನಂಬುವವನು ಈ ಲೋಕದಲ್ಲಿ ಬೇರೆ ಇಲ್ಲ. ಒಳ್ಳೆಯ ಮಾತಿಗೆ ನಾಲ್ಕು ಸಾಕ್ಷಿ ಕೇಳುತ್ತಾನೆ, ಕೆಟ್ಟ ಮಾತಿಗೆ ಅರ್ಧ ಸಾಕ್ಷಿಯನ್ನೂ ಕೇಳುವುದಿಲ್ಲ. ಕಂಡದ್ದನ್ನೇ ಪ್ರಮಾಣಿಸಿ ನೋಡಬೇಕು ಎನ್ನುತ್ತಿದ್ದವರು, ಕಾಣದ್ದನ್ನು ಒಂದು ಲೋಟ ಟೀ ಆರುವಷ್ಟರಲ್ಲಿ ನಂಬಿಬಿಟ್ಟರು.

ಅಷ್ಟಕ್ಕೇ ಬಿಟ್ಟರೇ? ಆಮೇಲೆ ಬೇರೆ ಎರಡು ವಿಶ್ವವಿದ್ಯಾಲಯದವರು ಆಕೆಯ ಬಗ್ಗೆ ಇವರನ್ನು ಕೇಳಿದರು. ಇಬ್ಬರಿಗೂ ಇವರು, ‘ಜಗಳಗಂಟಿಯಂತೆ’ ಎಂದರು. ಈ ‘ಅಂತೆ’ ಇದೆಯಲ್ಲ, ಬಹಳ ಅನುಕೂಲದ ಬಾಗಿಲು. ಅದರಿಂದ ಯಾರ ಮಾನ ಬೇಕಾದರೂ ಆಚೆ ತಳ್ಳಬಹುದು, ನಮ್ಮ ಕೈಗೆ ಮಸಿ ಹತ್ತುವುದಿಲ್ಲ.

ಪರೀಕ್ಷೆ ಬಂತು, ಫಲಿತಾಂಶವೂ ಬಂತು. ಅರ್ಧ ಗಂಟೆಗೇ ಪರೀಕ್ಷೆಯ ಕೋಣೆಯಿಂದ ಎದ್ದು ಹೋಗಿದ್ದವನಿಗೆ ಮೊದಲ ರ್‍ಯಾಂಕು! ಜೊತೆಯ ಮಕ್ಕಳು ಸುಮ್ಮನಿರುತ್ತಾರೆಯೇ? ಉತ್ತರಪತ್ರಿಕೆ ತೆಗೆಸಿ ನೋಡಿದರೆ, ನಲವತ್ತೊಂದು ಜನರ ಅಂಕ ತಿದ್ದಲಾಗಿತ್ತು. ಮೂವತ್ತು ಸಾವಿರ ಮಕ್ಕಳ ಫಲಿತಾಂಶವನ್ನೂ ತಡೆಹಿಡಿದರು. ಬೇರೆ ಕಡೆ ಸೀಟು ಸಿಕ್ಕಿದ್ದ ಮಕ್ಕಳು ಅಂಕಪಟ್ಟಿಯಿಲ್ಲದೆ ಕಳೆದುಕೊಂಡರು. ಅವರಲ್ಲಿ ಓದಿ ಪಾಸಾದವರೇ ಹೆಚ್ಚು.

‘ಯಾಕಯ್ಯಾ ಹೀಗೆ ಮಾಡಿದೆ?’ ಎಂದು ಕುಲಸಚಿವರು ಹೊಸ ನಿರ್ದೇಶಕನನ್ನು ಕರೆಸಿ ಕೇಳಿದರು.

ನಿರ್ದೇಶಕ ತಲೆ ತಗ್ಗಿಸಿ, ‘ದೊಡ್ಡೋರು ಹೇಳಿದ್ರು ಸಾರ್, ಇಲ್ಲ ಅನ್ನೋಕಾಗಲಿಲ್ಲ. ನಾನು ಯಾರಿಗೂ ಇಲ್ಲ ಅನ್ನಲ್ಲ ಅಂತ ನಿಮಗೆ ಮೊದಲೇ ಗೊತ್ತಿತ್ತಲ್ಲ’ ಎಂದ.

ಕುಲಸಚಿವರು ಕೊಟ್ಟ ಮಾತಿನಂತೆ ರಾಜೀನಾಮೆ ಬರೆದರು. ಬರೆದು ಮುಗಿಸಿ, ಆ ಹಳೆಯ ಪರಿಚಯದ ಅಧಿಕಾರಿಗೆ ಇನ್ನೊಮ್ಮೆ ಫೋನು ಮಾಡಿದರು. ‘ಆಯಮ್ಮ ಹೇಳಿದ ಮಾತು ಕೇಳಲ್ಲ ಅಂದ್ರಲ್ಲ, ಯಾವ ಮಾತು ಅದು?’

‘ದೊಡ್ಡದೇನಲ್ಲ ಸಾರ್. ನಮ್ಮ ಭಾವಮೈದುನನ ಮಗನಿಗೆ ಒಂಬತ್ತು ಮಾರ್ಕ್ಸು ಹಾಕಿಕೊಡಮ್ಮ ಅಂದೆ. ಒಂಬತ್ತು! ಆಗಲ್ಲ ಅಂದುಬಿಟ್ಟಳು, ಮೇಲಿನವರಿಗೆ ಕಾಗದ ಬೇರೆ ಬರೆದಳು.’

ಕುಲಸಚಿವರು ಫೋನು ಇಟ್ಟರು. ಆಕೆಯ ನಂಬರು ಹುಡುಕಿ ಫೋನು ಮಾಡಿ, ‘ತಪ್ಪಾಯ್ತಮ್ಮ, ಯಾರೋ ಏನೋ ಹೇಳಿದ್ದನ್ನ ನಂಬಿಬಿಟ್ಟೆ’ ಎಂದರು.

ಆಕೆ ಹೇಳಿದಳು, ‘ಟೀ ಬರೋವರೆಗೂ ಅಷ್ಟೊಂದು ಪ್ರಶ್ನೆ ಕೇಳಿದ್ರಿ, ಟೀ ಬಂದ ಮೇಲೆ ಒಂದೂ ಕೇಳಲಿಲ್ಲ. ನಾನೇ ಏನೋ ತಪ್ಪು ಮಾತಾಡಿದೆ ಅಂತ ಇಷ್ಟು ತಿಂಗಳೂ ನನ್ನನ್ನೇ ಬೈಕೊಂಡೆ ಸಾರ್. ಆಮೇಲೆ ಬೇರೆ ಕಡೆಯವರು ಕರೆಯಲೇ ಇಲ್ಲ. ನಿಮ್ಮ ಎದುರಿಗೇ ಕೂತಿದ್ದೆನಲ್ಲ, ನನ್ನನ್ನೇ ಒಂದು ಮಾತು ಕೇಳಬಹುದಿತ್ತು.’

ಆ ಹಿರಿಯರ ಜಾಗದಲ್ಲಿ ನೀವಿದ್ದರೆ ಏನು ಹೇಳುತ್ತಿದ್ದಿರಿ?

ಈಗ ನೀವೆಲ್ಲ ಕುಲಸಚಿವರನ್ನು ಮನಸ್ಸಿನಲ್ಲೇ ಬೈಯುತ್ತಿದ್ದೀರಿ, ನನಗೆ ಗೊತ್ತು. ಬೈಯಿರಿ. ಆದರೆ ತಾಯಂದಿರೇ, ಮಗನಿಗೆ ನೋಡಿದ ಹೆಣ್ಣನ್ನು ‘ಜೋರಂತೆ’ ಎಂಬ ಒಂದು ಮಾತಿಗೆ ಬಿಟ್ಟಿರಲ್ಲ, ಯಾವುದಕ್ಕೆ ಜೋರು ಮಾಡಿದಳು ಎಂದು ಕೇಳಿದಿರಾ? ಯಜಮಾನರೇ, ಅಂಗಡಿಯ ಕೆಲಸದವನನ್ನು ‘ಕೈ ಸರಿಯಿಲ್ಲವಂತೆ’ ಎಂದು ಬಿಡಿಸಿದಿರಲ್ಲ, ಕಂಡಿದ್ದಿರಾ? ನಿಮಗೇಕೆ ಹೇಳಲಿ, ನಾನೇ ಎರಡು ತಿಂಗಳಿಂದ ನಮ್ಮ ಮಠದ ಅಡುಗೆಯವರ ಜೊತೆ ಸರಿಯಾಗಿ ಮಾತಾಡಿಲ್ಲ. ಅವರು ನನ್ನನ್ನು ಆಡಿಕೊಂಡರಂತೆ. ಯಾರೋ ಬಂದು ಹೇಳಿದರು, ಈ ಕಾವಿ ತೊಟ್ಟವನು ನಂಬಿದ.

ನಾಳೆಯಿಂದ ಇಷ್ಟು ಮಾಡಿ. ಯಾರಾದರೂ ಬಂದು ಇನ್ನೊಬ್ಬರ ಮೇಲೆ ಹೇಳಿದರೆ, ‘ನೀವು ಕಂಡಿದ್ದೋ, ಕೇಳಿದ್ದೋ’ ಅನ್ನಿ. ಏನು ನಡೆಯಿತು ಅನ್ನುವುದನ್ನು ಬಿಡಿಸಿ ಕೇಳಿ. ಆಮೇಲೆ ಅಲ್ಲಿಗೇ ನಿಲ್ಲಬೇಡಿ, ಆ ಮನುಷ್ಯರ ಹತ್ತಿರವೇ ಹೋಗಿ, ‘ಹೀಗೆ ಕೇಳಿದೆ, ನಿಜವೇ?’ ಅನ್ನಿ. ನಾಚಿಕೆಯಾಗುತ್ತದೆ, ಆಗಲಿ. ನಾನು ಮಾತು ಮುಗಿಸಿ ಅಡುಗೆಮನೆಗೆ ಹೋಗುತ್ತೇನೆ, ನನಗೂ ನಾಚಿಕೆಯಾಗುತ್ತಿದೆ. ಈ ಕಥೆ ಕೇಳುವಾಗ ನಿಮ್ಮ ಮನಸ್ಸಿಗೂ ಒಬ್ಬರ ಮುಖ ಬಂದಿದೆ. ಅವರು ಈ ಸಭೆಯಲ್ಲೇ ಕೂತಿರಬಹುದು. ಪ್ರಸಾದದ ಪಂಕ್ತಿಯಲ್ಲಿ ಇವತ್ತು ಅವರ ಪಕ್ಕದಲ್ಲಿ ಕೂತುಕೊಳ್ಳಿ.