ಕೋಷ್ಟಕದಲ್ಲಿ ಇದ್ದದ್ದು ಒಂದೇ ಈಸ್ಟರ್

ಸ್ಮಿಲ್ಯಾ ಅತ್ತಿಗೆ, ಮಕ್ಕಳೇ, ನೀರು ಸರಬರಾಜು ಕಚೇರಿಯ ಗೆಳೆಯರೇ — ಎಲ್ಲರಿಗೂ ನಮಸ್ಕಾರ.

ನಮ್ಮನ್ನು ಅಗಲಿದ ವುಕಾಶಿನ್ ಒಳ್ಳೆಯವರು ಎಂದು ಎಲ್ಲರೂ ಹೇಳಿದಿರಿ. ನಿಜ. ಆದರೆ — ಅನುಮಾನದ ಮನುಷ್ಯ! ಬೇಯಿಸಿದ ಮೊಟ್ಟೆಯನ್ನೂ ಹೀಗೆ ಬೆಳಕಿಗೆ ಹಿಡಿದು ನೋಡುತ್ತಿದ್ದರು. ನಾನು ಅವರನ್ನೇ ಅನುಮಾನಿಸಿದವನು. ಅದನ್ನು ಹೇಳಲೆಂದೇ ನಿಂತಿದ್ದೇನೆ.

ನಾಲ್ಕು ವರ್ಷದ ಹಿಂದೆ, ಮೇ ತಿಂಗಳು. ಸಿಲಾಗಿ ತಾತನಿಂದ ದೂರು ಬಂತು: ಈಸ್ಟರ್ ಸೋಮವಾರ ತಮ್ಮ ಬೀದಿಗೆ ನೀರೇ ಬಂದಿರಲಿಲ್ಲ. ಯಾರೋ ಕಂಪ್ಯೂಟರಿನಿಂದ ಪಂಪ್ ನಿಲ್ಲಿಸಿದ್ದರು. ಯಾರು? ಹುಡುಕುವ ಕೆಲಸ ನನಗೆ ಬಂತು. ನಮ್ಮಲ್ಲಿ ಲಾಗ್ — ಕಂಪ್ಯೂಟರನ್ನು ಯಾರು, ಯಾವಾಗ ಮುಟ್ಟಿದರು ಎಂಬ ದಾಖಲೆ — ಹುಡುಕುವಾಗ ದಿನಾಂಕ ಬರೆಯುವುದಿಲ್ಲ. ರಜೆಯ ಹೆಸರು ಕೊಟ್ಟರೆ ಸಾಕು. ಎಂದಿನಿಂದ ಎಂದಿನವರೆಗೆ ನೋಡಬೇಕು ಎಂಬುದನ್ನು ಒಂದು ಕೋಷ್ಟಕದಿಂದ ಕಂಪ್ಯೂಟರೇ ಎತ್ತಿಕೊಳ್ಳುತ್ತದೆ. 'ಈಸ್ಟರ್' ಎಂದು ಕೊಟ್ಟೆ. ಪಂಪಿನ ಕಂಪ್ಯೂಟರ್ ಮುಟ್ಟಿದವರ ಪಟ್ಟಿಯಲ್ಲಿ ಒಂದೇ ಹೆಸರು — ಪಿರೋಷ್ಕಾ. ಅಲ್ಲಿ, ಮೂರನೇ ಸಾಲಿನಲ್ಲಿ ಕುಳಿತಿದ್ದಾರೆ. ಮರುದಿನವೇ ಮ್ಯಾನೇಜರ್ ಅವರನ್ನು ಪಂಪಿನ ಕೆಲಸದಿಂದ ತೆಗೆದು ಮೀಟರ್ ಬಿಲ್ಲಿನ ಕೌಂಟರಿಗೆ ತಳ್ಳಿದರು.

ವುಕಾಶಿನ್ ಪಟ್ಟಿ ನೋಡಿದರು. "ಯಾವ ಈಸ್ಟರೋ ಇದು, ಸ್ರೆತೆನಾ?"

"ಈಸ್ಟರ್ ಅಂದ್ರೆ ಈಸ್ಟರು! ನೀವು ದೇವರನ್ನೂ ನಂಬಲ್ವಾ?"

"ದೇವರನ್ನ ನಂಬ್ತೀನಿ. ಕೋಷ್ಟಕ ತುಂಬಿದೋನ್ನ ನಂಬಲ್ಲ. ಸಿಲಾಗಿ ಕ್ಯಾಥೊಲಿಕ್ ಕಣೋ! ಅವನ ಹಬ್ಬ ನಿನ್ನ ಹಬ್ಬಕ್ಕಿಂತ ನಾಲ್ಕು ವಾರ ಮುಂಚೆನೇ ಮುಗೀತು."

ಕೋಷ್ಟಕದಲ್ಲಿ ಇದ್ದದ್ದು ನಮ್ಮ ಆರ್ಥೊಡಾಕ್ಸ್ ಈಸ್ಟರ್ ಮಾತ್ರ. ನಾವು ಹಬ್ಬ ಮಾಡಲೆಂದು ಆ ದಿನ ಕ್ಯಾಥೊಲಿಕ್ ಆದ ಪಿರೋಷ್ಕಾ ಡ್ಯೂಟಿಗೆ ಬರುತ್ತಿದ್ದರು; ಅವರ ಹಬ್ಬಕ್ಕೆ ನಾವು ಬರುತ್ತಿದ್ದೆವು. ಇಡೀ ಕಚೇರಿಗೆ ಗೊತ್ತು. ಕೋಷ್ಟಕಕ್ಕೆ ಗೊತ್ತಿರಲಿಲ್ಲ.

ವುಕಾಶಿನ್ ಕೋಷ್ಟಕಕ್ಕೆ ಕ್ಯಾಥೊಲಿಕ್ ಈಸ್ಟರಿನ ಇನ್ನೊಂದು ಸಾಲು ಸೇರಿಸಿ ಮತ್ತೆ ಹುಡುಕಿದರು. ಆಗಲೂ ಒಂದೇ ಹೆಸರು. ಪರದೆಯನ್ನು ನನ್ನ ಕಡೆ — ಹೀಗೆ — ತಿರುಗಿಸಿದರು.

ನನ್ನ ಹೆಸರು.

ಆ ಸೋಮವಾರ ಪರೀಕ್ಷೆಗೆಂದು ಪಂಪ್ ನಿಲ್ಲಿಸಿ, ಮತ್ತೆ ಚಾಲೂ ಮಾಡಲು ಮರೆತಿದ್ದೆ. ಆದರೂ ಆ ಹೊತ್ತಿನಲ್ಲಿ ಶಂಕಿಸಿದ್ದು ಅವರನ್ನು: ನನ್ನನ್ನು ಸಿಕ್ಕಿಸಲೆಂದೇ ಆ ಸಾಲು ಬರೆದಿದ್ದಾರೆ ಎಂದು.

"ಹೋಗಿ ನೀನೇ ಹೇಳ್ಬಿಡು. ನಾನು ಹೇಳೋದು ಬೇಡ" ಎಂದರು.

ನಾನು ಮ್ಯಾನೇಜರರಿಗೆ ಹೇಳಿದ್ದು ಇಷ್ಟೇ — ಬೇರೇನೂ ಸಿಗಲಿಲ್ಲ. ವುಕಾಶಿನ್ ಬಳಿ ಬಂದು, ಎಲ್ಲ ಹೇಳಿದೆ ಎಂದೆ. ಪಿರೋಷ್ಕಾ ಯಾಕೆ ಇನ್ನೂ ಕೌಂಟರಿನಲ್ಲೇ ಇದ್ದಾರೆ ಎಂದು ಕೇಳಿದಾಗ, "ಅವ್ರಿಗೆ ಅಲ್ಲೇ ಇಷ್ಟವಂತೆ" ಎಂದೆ. ಎಲ್ಲವನ್ನೂ ಶಂಕಿಸುತ್ತಿದ್ದ ಮನುಷ್ಯ — ಅದೊಂದನ್ನು ನಂಬಿದರು.

ಪಿರೋಷ್ಕಾ ಅವರೇ, ಪಂಪ್ ನಿಲ್ಲಿಸಿದವನು ನಾನು. ಮ್ಯಾನೇಜರ್ ಸಾಹೇಬರು ಇಲ್ಲೇ ಕೇಳುತ್ತಿದ್ದಾರೆ. ನಾಳೆ ಬರೆದೂ ಕೊಡುತ್ತೇನೆ.

ನನಗೆ ಹೇಳಬೇಕಾದ್ದನ್ನೆಲ್ಲ ಆಮೇಲೆ ಹೇಳಿ. ಈಗ ಒಂದು ನಿಮಿಷ — ವುಕಾಶಿನ್ ಅವರಿಗಾಗಿ — ದಯವಿಟ್ಟು ಎದ್ದು, ಮೌನವಾಗಿ ನಿಲ್ಲೋಣ.